ಬೆಚ್ಚಗಿದ್ದ ಕಾಲು

ಅಕ್ಕನ ಬಲಗಾಲು ತಣ್ಣಗಿದೆ ಎಂದು ಮೊದಲು ಕಂಡುಕೊಂಡವಳು ಗುಬ್ಬಿ. ಆಪರೇಷನ್ ಆದ ಮಾರನೆಯ ಸಂಜೆ, ಹೊದಿಕೆಯ ಸುಕ್ಕು ಸರಿಮಾಡಲು ಹೋದಾಗ ಅವಳ ಕೈ ಅಕ್ಕನ ಪಾದಕ್ಕೆ ತಾಗಿತು. ಎಡಗಾಲು ಎಂದಿನಂತಿತ್ತು. ಬಲಗಾಲು ಮಾತ್ರ ಆಗಷ್ಟೇ ನೀರಿನಿಂದ ತೆಗೆದು ಹಿಂಡಿದ ಬಟ್ಟೆಯ ಹಾಗಿತ್ತು.

ಹೊದಿಕೆ ಸುಕ್ಕಾಗಿದ್ದರೆ ಗುಬ್ಬಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಅಕ್ಕತಂಗಿಯರಿಬ್ಬರೂ ಸೇರಿ ಲಾಂಡ್ರಿ ನಡೆಸುತ್ತಿದ್ದರು. ಹೋಟೆಲುಗಳ ಬೆಡ್‌ಶೀಟು, ಟವೆಲು, ಮೇಜಿಗೆ ಹಾಸುವ ಬಟ್ಟೆ. ಅಕ್ಕನ ಗಂಡ, ಅಂದರೆ ಗುಬ್ಬಿಯ ಭಾವ, ವ್ಯಾನಿನಲ್ಲಿ ಕೊಳೆಯ ಗಂಟುಗಳನ್ನು ತಂದು ಹಾಕಿ, ಮಡಿಸಿ ಕಟ್ಟಿದ್ದನ್ನು ಒಯ್ದು ಕೊಟ್ಟು ಬರುತ್ತಿದ್ದರು. ಒಗೆಯುವುದಕ್ಕೆ ಯಂತ್ರವಿತ್ತು. ಇಸ್ತ್ರಿ ಮಾತ್ರ ಕೈಯದು. ಉದ್ದನೆಯ ಮೇಜಿನ ಒಂದು ತುದಿಗೆ ಅಕ್ಕ, ಇನ್ನೊಂದು ತುದಿಗೆ ಗುಬ್ಬಿ. ಗುಬ್ಬಿ ಎನ್ನುವುದು, ಹುಟ್ಟಿದಾಗ ಅಂಗೈಯಷ್ಟೇ ಇದ್ದಳೆಂದು ಅಕ್ಕ ಇಟ್ಟ ಹೆಸರು. ಈಗ ಅವಳಿಗೆ ನಲವತ್ತು ದಾಟಿತ್ತು, ಮೈಯೂ ತುಂಬಿಕೊಂಡಿತ್ತು. ಹೆಸರು ಮಾತ್ರ ಹಾಗೇ ಉಳಿದಿತ್ತು.

ಅಕ್ಕನಿಗೆ ಅಂಡಾಶಯದ ಕ್ಯಾನ್ಸರ್. ಮೊದಲ ಸಲ ಗರ್ಭಕೋಶ ಸಮೇತ ಎಲ್ಲ ತೆಗೆದು, ಕೀಮೋ ಕೊಟ್ಟು, ಇನ್ನೇನೂ ಇಲ್ಲ ಎಂದಿದ್ದರು. ಅಕ್ಕನ ಕೂದಲು ಮತ್ತೆ ಬಂದಿತ್ತು. ಇಸ್ತ್ರಿ ಮೇಜಿನ ಆ ತುದಿಗೆ ಅವಳು ಮತ್ತೆ ನಿಂತಿದ್ದಳು. ಆಮೇಲೆ ಒಂದು ಸ್ಕ್ಯಾನಿನಲ್ಲಿ, ಹೊಟ್ಟೆಯ ಬಲಗಡೆ ಕೆಳಗೆ, ಕಾಲಿಗೆ ರಕ್ತ ಒಯ್ಯುವ ದೊಡ್ಡ ನಾಳಕ್ಕೆ ಅಂಟಿಕೊಂಡು ಗಂಟು ಕಂಡಿತು. ಈ ಎರಡನೆಯ ಆಪರೇಷನ್ ಅದಕ್ಕಾಗಿ. ಇಡೀ ಹಗಲು ಹಿಡಿಯಿತು. ಸರ್ಜನ್ ಮೇಡಂ ಹೊರಗೆ ಬಂದು, "ಗಂಟನ್ನ ನಾಳದ ಮೇಲಿಂದ ಸ್ವಲ್ಪಸ್ವಲ್ಪವಾಗಿ ಬಿಡಿಸಿ ತೆಗೆದಿದೀನಿ, ಕಣ್ಣಿಗೆ ಕಾಣೋದು ಏನೂ ಉಳಿದಿಲ್ಲ," ಎಂದಾಗ ಭಾವ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಿದ್ದರು.

"ಅಕ್ಕ, ನಿನ್ನ ಕಾಲು ತಣ್ಣಗಿದೆ," ಎಂದಳು ಗುಬ್ಬಿ.

"ಹೂಂ ಕಣೇ. ಜುಮ್ ಅಂತಿದೆ. ಫ್ಯಾನ್ ಗಾಳಿ ಇರ್ಬೇಕು."

ಜುಮ್ಮೆನ್ನುವುದನ್ನು ಅಕ್ಕ ಮಧ್ಯಾಹ್ನವೇ ಡ್ಯೂಟಿ ಡಾಕ್ಟರಿಗೆ ಹೇಳಿದ್ದಳು. ನೋವು ತಡೆಯಲು ಬೆನ್ನಿಗೆ ಸಣ್ಣ ಕೊಳವೆ ಹಾಕಿದ್ದರು. ಅದರಲ್ಲಿ ಮದ್ದು ಇಳಿಯುತ್ತಿರುವವರೆಗೆ ಕಾಲು ಹಾಗೇ ಇರುತ್ತದೆ ಎಂದು ಅವರು ಹೇಳಿ ಹೋಗಿದ್ದರು. ವಾರ್ಡಿನ ಸಿಸ್ಟರ್ ಕೂಡ ಗುಬ್ಬಿಯನ್ನು ಪಕ್ಕಕ್ಕೆ ಕರೆದು ತಿಳಿಸಿದ್ದು ಒಂದೇ ಮಾತು. "ಇಂಥ ಆಪರೇಷನ್ ಆದವ್ರಿಗೆ ಕಾಲಲ್ಲಿ ರಕ್ತ ಹೆಪ್ಪುಗಟ್ಟೋದು ಉಂಟು. ಕಾಲು ಊದಿದ್ರೆ, ಕೆಂಪಗಾದ್ರೆ, ಬಿಸಿ ಅನ್ಸಿದ್ರೆ ತಕ್ಷಣ ಕರೀರಿ." ಗುಬ್ಬಿ ಅದನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದಳು. ಊತ, ಕೆಂಪು, ಬಿಸಿ. ಕಾಲು ಊದಿರಲಿಲ್ಲ, ಬಿಳಿಚಿಕೊಂಡಿತ್ತು, ತಣ್ಣಗಿತ್ತು. ಅಂದ ಮೇಲೆ ಹೆದರುವಂಥದ್ದಲ್ಲ ಎಂದುಕೊಂಡಳು.

ಜೊತೆಗಿರುವವರು ಬಟ್ಟೆ ಬದಲಿಸಲು, ಬುತ್ತಿ ಬಿಚ್ಚಲು ವಾರ್ಡಿನ ಹಿಂದೆ ಒಂದು ಕೋಣೆ ಇತ್ತು. ಅಲ್ಲಿ ಒಂದು ಮೇಜು, ಗೋಡೆಯಲ್ಲಿ ಒಂದು ಪ್ಲಗ್ಗು. ಗುಬ್ಬಿ ಮೊದಲ ದಿನವೇ ತಮ್ಮ ಲಾಂಡ್ರಿ ಅಂಗಡಿಯಿಂದ ಚಿಕ್ಕ ಇಸ್ತ್ರಿಪೆಟ್ಟಿಗೆ ತಂದಿಟ್ಟಿದ್ದಳು. ಸುಮ್ಮನೆ ಕೂತರೆ ಅವಳ ತಲೆ ಕೆಡುತ್ತಿತ್ತು. ಅಕ್ಕನ ದಿಂಬಿನ ಚೀಲಕ್ಕೆ ಇಸ್ತ್ರಿ ಹಾಕಿದಳು. ಪಕ್ಕದ ಹಾಸಿಗೆಯ ಅಜ್ಜಿ ನೋಡಿ ನಂದೂ ಒಂದು ಎಂದರು, ಅವರದಕ್ಕೂ ಹಾಕಿದಳು. ಆಮೇಲೆ ಇಡೀ ಸಾಲಿನದು ಅವಳ ಪಾಲಿಗೆ ಬಂತು.

"ಜೀವ ಹೋದ್ರೂ ಗರಿಗರಿಯಾಗಿ ಹೋಗ್ತೀವಿ ಬಿಡು," ಎಂದಿದ್ದರು ಅಜ್ಜಿ.

"ನೀವೆಲ್ಲಿ ಹೋಗ್ತೀರಾ. ನನ್ನನ್ನ ಕಳಿಸಿಯೇ ಹೋಗೋದು," ಎಂದಿದ್ದಳು ಅಕ್ಕ. ಹೊಲಿಗೆ ಹಾಕಿದ ಹೊಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ನಕ್ಕಿದ್ದಳು.

ಆ ಸಂಜೆ ಗುಬ್ಬಿ ದಪ್ಪ ಟವೆಲನ್ನು ಮಡಿಸಿ, ಬಿಸಿ ಒಳಮಡಿಕೆಯವರೆಗೆ ಇಳಿಯುವಂತೆ ಇಸ್ತ್ರಿಪೆಟ್ಟಿಗೆ ಊರಿ ಇಟ್ಟು, ದಿಂಬಿನ ಚೀಲದಲ್ಲಿ ಸುತ್ತಿ ತಂದು ಅಕ್ಕನ ಪಾದಕ್ಕೆ ಕಟ್ಟಿದಳು. ಅವರಿಬ್ಬರಿಗೂ ಗೊತ್ತಿದ್ದ ಮದ್ದು ಅದೊಂದೇ. ಸೊಂಟ ಹಿಡಿದರೆ, ಕತ್ತು ಉಳುಕಿದರೆ, ತಿಂಗಳ ನೋವಿಗೆ, ಅಂಗಡಿಯಲ್ಲಿ ಕಾಲದಿಂದ ನಡೆದುಬಂದದ್ದು ಬಿಸಿ ಟವೆಲು. ಬಿಸಿ ಹೆಚ್ಚಾಯಿತೇನೋ ಎಂದು ಮಣಿಕಟ್ಟಿಗೆ ಒತ್ತಿ ನೋಡಿಕೊಂಡಳು. ಸರಿಯಾಗಿದೆ ಅನ್ನಿಸಿತು. ಆದರೆ ಅವಳ ಕೈಗೆ ಯಾವುದು ತಾನೇ ಹೆಚ್ಚು. ಅವಳು ಬರಿಗೈಯಲ್ಲಿ ಎತ್ತಿ ಕೊಟ್ಟ ಬಟ್ಟೆಯ ಅಟ್ಟಿಯನ್ನು ಗಿರಾಕಿಗಳು ಮುಟ್ಟಿ ಕೈ ಕೊಡವಿಕೊಳ್ಳುವುದು, ಅಕ್ಕತಂಗಿಯರು ಅದನ್ನು ಕಂಡು ನಗುವುದು ಅಂಗಡಿಯಲ್ಲಿ ದಿನಾ ಇದ್ದದ್ದೇ.

"ಹೆಂಗಿದೆ?"

"ಇನ್ನೂ ಸ್ವಲ್ಪ ಬಿಸಿ ಬೇಕಿತ್ತು. ಇದು ಗೊತ್ತೇ ಆಗ್ತಿಲ್ಲ."

ಗುಬ್ಬಿ ಇನ್ನೂ ಸ್ವಲ್ಪ ಬಿಸಿ ಮಾಡಿ ತಂದಳು.

ದೀಪ ಹಾಕುವ ಹೊತ್ತಿಗೆ ಸಿಸ್ಟರ್ ರೌಂಡ್ಸಿಗೆ ಬಂದರು. ಟವೆಲನ್ನು ಗುಬ್ಬಿ ಆಗಷ್ಟೇ ತೆಗೆದಿದ್ದಳು. ಸಿಸ್ಟರ್ ಪಾದದ ಮೇಲೆ ಕೈಯಿಟ್ಟು, ಮೀನಖಂಡವನ್ನು ಒಮ್ಮೆ ಒತ್ತಿ, "ಊತ ಇಲ್ಲ. ಬೆಚ್ಚಗಿದೆ. ಒಳ್ಳೇದು," ಎಂದು ಮುಂದಿನ ಹಾಸಿಗೆಗೆ ಹೋದರು. ಟವೆಲಿನಿಂದ ಬೆಚ್ಚಗಾಗಿದ್ದು, ಇಲ್ಲದಿದ್ದರೆ ತಣ್ಣಗಿರುತ್ತದೆ ಎಂದು ಹೇಳಬೇಕು ಎನ್ನುವುದು ಗುಬ್ಬಿಯ ಗಂಟಲಿನವರೆಗೆ ಬಂತು. ಒಳ್ಳೇದು ಎಂದ ಮೇಲೆ ಮತ್ತೆ ಕರೆದು ಹೇಳುವುದು ಅತಿಯಾಗಬಹುದು ಅನ್ನಿಸಿತು. ಮೊದಲ ಆಪರೇಷನ್ನಿನ ಸಮಯದಲ್ಲಿ ಸಣ್ಣಸಣ್ಣದಕ್ಕೂ ಕರೆದು ಬೈಸಿಕೊಂಡದ್ದು ನೆನಪಿತ್ತು.

"ಪಾಸಾದೆ ನೋಡು," ಎಂದಳು ಅಕ್ಕ.

ಬೆಳಗ್ಗೆ ಅಕ್ಕನೇ ಎಬ್ಬಿಸಿದಳು. "ಸರ್ಜನ್ ಬರೋದ್ರೊಳಗೆ ಇನ್ನೊಂದು ಸಲ ಬಿಸಿ ಇಡೇ. ತಣ್ಣಗಿದ್ರೆ ಇನ್ನೊಂದು ಟೆಸ್ಟ್ ಅಂತ ಶುರು ಮಾಡ್ತಾರೆ. ನಂಗೆ ಸಾಕಾಗಿದೆ."

ಗುಬ್ಬಿ ಹೊದಿಕೆ ಸರಿಸಿ ನೋಡಿದಳು. ಪಾದ ಮೇಣದ ಬಣ್ಣಕ್ಕೆ ತಿರುಗಿತ್ತು. ಬೆರಳುಗಳ ಬುಡದಲ್ಲಿ ಶಾಯಿ ಇಂಗಿದ ಹಾಗೆ ನೀಲಿ. ಇದು ಸರಿಯಿಲ್ಲ ಎಂದು ಅವಳಿಗೆ ಆ ಕ್ಷಣದಲ್ಲಿ ಗೊತ್ತಾಯಿತು. ಹಾಗೆ ಗೊತ್ತಾದದ್ದರಿಂದಲೇ ಏನೋ, ಟವೆಲನ್ನು ಹಿಂದಿನ ಸಲಕ್ಕಿಂತ ಹೆಚ್ಚು ಹೊತ್ತು ಕಾಯಿಸಿದಳು. ಬಣ್ಣ ಬರಲಿ ಎಂದು.

ಸರ್ಜನ್ ಬರಲಿಲ್ಲ, ಯಾರದೋ ಆಪರೇಷನ್ ಇತ್ತು. ಬಂದವರು ಸಿಸ್ಟರ್. ಅದೇ ರೀತಿ ಕೈಯಿಟ್ಟರು, ಅದೇ ಮಾತು ಹೇಳಿದರು. ಸ್ವಲ್ಪ ಹೊತ್ತಿನ ನಂತರ ಹಾಸಿಗೆಯ ಬಟ್ಟೆ ಬದಲಿಸಲು ಮತ್ತೆ ಬಂದು ಕಾಲನ್ನು ಎತ್ತಿದಾಗ ಹಿಮ್ಮಡಿಯ ಚರ್ಮ ಸಡಿಲವಾಗಿ ಜೋತುಬಿತ್ತು. ಕೆಳಗೆ ಹಾಸುಬಟ್ಟೆ ಒದ್ದೆಯಾಗಿತ್ತು.

"ಇದೇನಿದು? ಬೊಬ್ಬೆ ಎದ್ದಿದೆ. ಸುಟ್ಟಿದೆ ಇದು." ಸಿಸ್ಟರ್ ಗುಬ್ಬಿಯತ್ತ ನೋಡಿ, ಆಮೇಲೆ ಅಕ್ಕನನ್ನು ಕೇಳಿದರು. "ನಿಮಗೆ ಉರಿ ಗೊತ್ತಾಗ್ಲಿಲ್ವಾ?"

"ಏನು ಉರಿ?"

ಸಿಸ್ಟರ್ ಜೇಬಿನಿಂದ ಪೆನ್ನು ತೆಗೆದು ಅದರ ತುದಿಯಿಂದ ಹೆಬ್ಬೆರಳನ್ನು ಒತ್ತಿದರು. "ಈಗ ಎಲ್ಲಿ ಮುಟ್ತಿದೀನಿ ಹೇಳಿ."

"ಮುಟ್ಟಿ, ಹೇಳ್ತೀನಿ."

"ಬೆರಳು ಅಲ್ಲಾಡ್ಸಿ ನೋಡೋಣ."

"ಅಲ್ಲಾಡಿಸ್ತಿದೀನಲ್ಲ ಸಿಸ್ಟರ್," ಎಂದಳು ಅಕ್ಕ. ಬೆರಳುಗಳು ಇದ್ದಲ್ಲೇ ಇದ್ದವು.

ಸಿಸ್ಟರ್ ಪೆನ್ನನ್ನು ಎಡಗಾಲಿಗೆ ಒತ್ತಿದರು. ಅಕ್ಕ ಕಾಲು ಎಳೆದುಕೊಂಡಳು. ಬೆನ್ನಿನ ಮದ್ದು ಎರಡೂ ಕಾಲಿಗೆ ಒಂದೇ, ಅದರಿಂದಾಗಿದ್ದರೆ ಎರಡೂ ಮರಗಟ್ಟಬೇಕಿತ್ತು. ಸಿಸ್ಟರ್ ಓಡುವವರಲ್ಲ, ದಪ್ಪಗಿದ್ದ ನಿಧಾನದ ಹೆಂಗಸು. ಆಗ, ಸುಟ್ಟದ್ದು ಹೇಗೆಂದು ಕೇಳಲೂ ನಿಲ್ಲದೆ ಓಡಿದರು.

ಅರ್ಧ ಗಂಟೆಯೊಳಗೆ ರಕ್ತನಾಳದ ಡಾಕ್ಟರು ಬಂದರು. ತೆಳ್ಳಗಿನ ಮನುಷ್ಯ, ದನಿ ಎತ್ತುತ್ತಿರಲಿಲ್ಲ. ಕೈಯಲ್ಲಿ ಪೆನ್ನಿನಂಥ ಒಂದು ಸಾಧನ, ಅದಕ್ಕೆ ತಂತಿ ಸಿಕ್ಕಿಸಿದ ಚಿಕ್ಕ ಡಬ್ಬಿ. ಎಡಪಾದಕ್ಕೆ ತಾಗಿಸಿದಾಗ ಡಬ್ಬಿಯಿಂದ ನಾಡಿಯ ಸದ್ದು ಹೊರಟಿತು, ಯಾರೋ ನೆಲಕ್ಕೆ ಪೊರಕೆ ಎಳೆದಂತೆ, ಬಿಟ್ಟುಬಿಟ್ಟು. ಬಲಪಾದಕ್ಕೆ ತಾಗಿಸಿದರು. ಬರೀ ಸುಯ್ ಎಂದಿತು. ಪಾದದ ಮೇಲೆ, ಕಣಕಾಲಿನ ಹಿಂದೆ, ಮಂಡಿಯ ಹಿಂದೆ, ತೊಡೆಸಂದಿಯಲ್ಲಿ. ಎಲ್ಲೂ ಸುಯ್. ಪಕ್ಕದ ಹಾಸಿಗೆಯ ಅಜ್ಜಿ ಗೋಡೆಯ ಕಡೆಗೆ ಹೊರಳಿಕೊಂಡರು.

ಹೊಟ್ಟೆಯ ಆಪರೇಷನ್ ಮಾಡಿದ್ದ ಸರ್ಜನ್ ಕೂಡ ಆಪರೇಷನ್ ಕೋಣೆಯ ಹಸಿರು ಬಟ್ಟೆಯಲ್ಲೇ ಬಂದು ನಿಂತಿದ್ದರು. ಆಕೆಯ ಮುಖ ಇಳಿದಿತ್ತು. "ಗಂಟು ನಾಳಕ್ಕೆ ಮೆತ್ತಿಕೊಂಡಿತ್ತು. ಬಿಡಿಸುವಾಗ ನಾಳದ ಒಳಗೋಡೆಗೆ ಪೆಟ್ಟಾಗಿರ್ಬೇಕು. ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದೆ. ತುಂಬಾ ಅಪರೂಪ. ಸಾಮಾನ್ಯವಾಗಿ ನಾವು ನೋಡೋದು ಇನ್ನೊಂದು ಥರದ್ದು, ರಕ್ತ ವಾಪಸ್ ಬರೋ ನಾಳದ್ದು. ಅದರಲ್ಲಿ ಕಾಲು ಊದುತ್ತೆ. ಇದರಲ್ಲಿ ಕಾಲಿಗೆ ರಕ್ತ ಹೋಗೋದೇ ನಿಂತಿದೆ."

"ಅಂದ್ರೆ ತಣ್ಣಗಾಗುತ್ತೆ," ಎಂದಳು ಗುಬ್ಬಿ.

"ತಣ್ಣಗಾಗುತ್ತೆ," ಎಂದರು ಸರ್ಜನ್.

ಸ್ಕ್ಯಾನಿಗೆ ಕರೆದೊಯ್ದರು. ಬಂದ ಮೇಲೆ ಆಪರೇಷನ್ ಕೋಣೆಯ ಹೊರಗಿನ ಕಾರಿಡಾರಿನಲ್ಲಿ ಗಾಲಿಮಂಚವನ್ನು ನಿಲ್ಲಿಸಿದರು. ಭಾವನಿಗೆ ಫೋನು ಹೋಗಿತ್ತು, ಅವರು ಊರಿನ ಆ ತುದಿಯ ಹೋಟೆಲಿನಿಂದ ಹೊರಟಿದ್ದರು. ರಕ್ತನಾಳದ ಡಾಕ್ಟರು ಅಕ್ಕನ ಪಕ್ಕದಲ್ಲಿ ಬಗ್ಗಿ, ಮಗುವಿಗೆ ಹೇಳುವಷ್ಟು ಬಿಡಿಸಿ ಹೇಳಿದರು. ಕಾಲು ಇವತ್ತು ಬೆಳಗ್ಗೆಯಿಂದ ಮಾತ್ರ ಹೀಗಾಗಿದ್ದರೆ ನಾಳವನ್ನು ತೆರೆದು ಹೆಪ್ಪನ್ನು ಎಳೆದು ತೆಗೆಯಬಹುದು, ಕಾಲು ಉಳಿಯುವ ಸಾಧ್ಯತೆ ಇದೆ. ನಿನ್ನೆಯಿಂದಲೇ ಆಗಿದ್ದರೆ ಒಳಗಿನ ಮಾಂಸ ಸತ್ತಿರುತ್ತದೆ. ಸತ್ತ ಮಾಂಸಕ್ಕೆ ಮತ್ತೆ ರಕ್ತ ಹರಿಸಿದರೆ ಅಲ್ಲಿಯ ವಿಷವೆಲ್ಲ ಒಟ್ಟಿಗೇ ಮೈಗೆ ನುಗ್ಗುತ್ತದೆ. ಹೃದಯ ನಿಲ್ಲಬಹುದು. ನಿಲ್ಲದಿದ್ದರೆ ಕಿಡ್ನಿ ಹೋಗಬಹುದು. ಆಗ ಕಾಲು ತೆಗೆಯುವುದೇ ಸರಿ.

"ಸ್ಕ್ಯಾನ್ ನೋಡಿದ್ರೆ ಎಲ್ಲಿ ಮುಚ್ಚಿದೆ ಅಂತ ಗೊತ್ತಾಗುತ್ತೆ, ಯಾವಾಗ ಮುಚ್ತು ಅಂತ ಗೊತ್ತಾಗಲ್ಲ," ಎಂದರು. "ಇವತ್ತು ಬೆಳಗ್ಗೆ ರೌಂಡ್ಸಲ್ಲೂ ಬೆಚ್ಚಗಿತ್ತು ಅಂತ ಸಿಸ್ಟರ್ ಹೇಳ್ತಿದಾರೆ. ಯೋಚನೆ ಮಾಡಿ ಹೇಳಿ. ಒಂದು ನಿಮಿಷ ಬರ್ತೀನಿ."

ಅವರು ಬಾಗಿಲು ದಾಟಿದ ಕೂಡಲೇ ಅಕ್ಕ ಗುಬ್ಬಿಯ ಮುಂಗೈ ಹಿಡಿದಳು.

"ಬೆಳಗ್ಗೆ ಅಂತ ಹೇಳು."

"ಅಕ್ಕ, ಅವರು ಹೇಳಿದ್ದು ಕೇಳಿಸ್ಕೊಂಡ್ಯಾ?"

"ಕಾಲಿಗೆ ತಾನೇ ಆಗಿರೋದು, ಕಿವಿಗಲ್ವಲ್ಲ."

"ಹೃದಯ ನಿಲ್ಲುತ್ತೆ ಅಂದ್ರು."

"ನಿಲ್ಲಬಹುದು ಅಂದ್ರು. ಗುಬ್ಬಿ, ಇಲ್ಲಿ ನೋಡು. ಎರಡು ಸಲ ಬಂತು ಇದು. ಮೂರನೇ ಸಲ ಬರಲ್ಲ ಅಂತ ಯಾರಾದ್ರೂ ಬರ್ಕೊಟ್ಟಿದಾರಾ? ನಂಗಿರೋದು ಒಂದು ವರ್ಷವೋ, ಎರಡೋ. ಅಷ್ಟನ್ನ ನಿಂತ್ಕೊಂಡು ಕಳೀತೀನಿ. ಮೇಜಿನ ಹತ್ರ ನಿಂತ್ಕೊಂಡು. ಮೂಲೇಲಿ ಕೂತು ನೀನು ನನ್ನ ಒರೆಸೋದು, ತೊಳೆಯೋದು, ಅದಾಗಲ್ಲ ನನ್ನ ಕೈಲಿ. ಹೃದಯ ನಿಂತ್ರೆ ನಿಲ್ಲಲಿ."

"ಅಕ್ಕ."

"ನೀನೇನು ಸುಳ್ಳು ಹೇಳ್ಬೇಕಾಗಿಲ್ಲ. ನಾನು ಹೇಳ್ತೀನಿ. ನೀನು ಬಾಯಿ ಮುಚ್ಕೊಂಡಿರು. ಅಷ್ಟೂ ಆಗಲ್ವಾ ನಿಂಗೆ?"

ಅಕ್ಕನ ಹಿಡಿತ ಬಿಗಿಯಾಗಿತ್ತು. ಗುಬ್ಬಿ ಆ ಕೈಯನ್ನೇ ನೋಡುತ್ತ ನಿಂತಳು. ಅಕ್ಕ ಹೇಳಿದ್ದರಲ್ಲಿ ತಪ್ಪೇನೂ ಅವಳಿಗೆ ಕಾಣಲಿಲ್ಲ. ಕಾಲು ಅಕ್ಕನದು, ಉಳಿದ ವರ್ಷಗಳೂ ಅವಳವೇ. ಆದರೆ ಆ ಡಾಕ್ಟರು ಸುಳ್ಳನ್ನು ನಂಬಿ ನಾಳ ತೆರೆಯುವುದನ್ನು, ಅಕ್ಕನ ಎದೆ ಅಲ್ಲೇ ನಿಂತುಹೋಗುವುದನ್ನು, ತಾನು ಹೊರಗಿನ ಬೆಂಚಿನ ಮೇಲೆ ಎಲ್ಲ ತಿಳಿದೂ ಕೂತಿರುವುದನ್ನು ಅವಳು ಒಂದರ ಹಿಂದೆ ಒಂದು ಕಂಡಳು. ಯೋಚನೆ ಅಲ್ಲಿಂದ ಮುಂದಕ್ಕೆ ಹೋಗಲೇ ಇಲ್ಲ.

ಡಾಕ್ಟರು ಸಿಸ್ಟರನ್ನು ಜೊತೆಗೆ ಕರೆದುಕೊಂಡು ಬಂದರು. "ಹೇಳಿ ಅಮ್ಮಾ. ಯಾವಾಗಿಂದ?"

"ಬೆಳಗ್ಗೆಯಿಂದ ಡಾಕ್ಟ್ರೇ," ಎಂದಳು ಅಕ್ಕ. "ರಾತ್ರಿಯೆಲ್ಲ ಚೆನ್ನಾಗಿತ್ತು. ಬೆಳಗ್ಗೆ ತಿಂಡಿ ಹೊತ್ತಿಗೆ ಜುಮ್ ಅಂತು."

"ನಾನು ಎರಡು ಸಲ ಮುಟ್ಟಿ ನೋಡಿದೀನಿ ಸರ್," ಎಂದರು ಸಿಸ್ಟರ್. "ಬೆಚ್ಚಗಿತ್ತು."

ಡಾಕ್ಟರು ತಲೆಯಾಡಿಸಿ ಬಾಗಿಲಿನ ಕಡೆ ತಿರುಗಿದರು. ಗಾಲಿಮಂಚದ ಹಿಂದೆ ನಿಂತಿದ್ದವನು ತಳ್ಳಲು ಕೈಯಿಟ್ಟ.

"ನಾನು ಬೆಚ್ಚಗೆ ಮಾಡಿದ್ದು," ಎಂದಳು ಗುಬ್ಬಿ. ದನಿ ತನ್ನದಲ್ಲ ಎನ್ನುವಷ್ಟು ಸಣ್ಣಗಿತ್ತು, ಆದ್ದರಿಂದ ಇನ್ನೊಂದು ಸಲ ಹೇಳಿದಳು. "ನಿನ್ನೆ ಸಂಜೆಯಿಂದಲೇ ತಣ್ಣಗಿತ್ತು ಡಾಕ್ಟ್ರೇ. ಕತ್ತಲಾಗೋ ಮೊದಲೇ. ಸಿಸ್ಟರ್ ಬರೋದ್ರೊಳಗೆ ನಾನು ಟವೆಲ್ ಕಾಯಿಸಿ ಕಟ್ಟಿದ್ದೆ. ಬೆಳಗ್ಗೆಯೂ ಕಟ್ಟಿದ್ದೆ. ಬೆಳಗ್ಗೆ ಬೆರಳೆಲ್ಲ ನೀಲಿ ಆಗಿತ್ತು."

"ಅವಳಿಗೆ ಭಯ. ಬಾಯಿಗೆ ಬಂದಿದ್ದು ಹೇಳ್ತಾಳೆ," ಎಂದಳು ಅಕ್ಕ. "ಹುಟ್ಟಿದಾಗ್ಲಿಂದ ಹಿಂಗೇ ಡಾಕ್ಟ್ರೇ. ನೀವು ಒಳಗೆ ನಡೀರಿ."

ಡಾಕ್ಟರು ಇಬ್ಬರ ಮುಖವನ್ನೂ ನೋಡಿದರು. ಹೊದಿಕೆ ಸರಿಸಿ ಅಕ್ಕನ ಮೀನಖಂಡವನ್ನು ಹೆಬ್ಬೆರಳಿನಿಂದ ಒತ್ತಿದರು. ಪಾದವನ್ನು ಮೇಲೆ ಕೆಳಗೆ ಬಗ್ಗಿಸಲು ನೋಡಿದರು. ಅದು ಬಗ್ಗಲಿಲ್ಲ, ಗಂಜಿ ಹೆಚ್ಚಾದ ಬಟ್ಟೆಯ ಹಾಗೆ ಸೆಟೆದಿತ್ತು. ನಿಧಾನವಾಗಿ ಹೊದಿಕೆ ಮುಚ್ಚಿದರು.

"ಇದನ್ನ ನಾನು ಆಗಲೇ ನೋಡಿದ್ದೆ. ಆದ್ರೂ ಒಂದು ಪ್ರಯತ್ನ ಮಾಡೋಣ ಅಂತಿದ್ದೆ," ಎಂದರು. "ಈಗ ಮಾಡಲ್ಲ. ಮಂಡಿಯ ಮೇಲೆ ತೆಗೀಬೇಕಾಗುತ್ತೆ. ನೀವು ಒಪ್ಪಿದ್ರೆ ಮಾತ್ರ. ಒಪ್ಪದಿದ್ರೆ ಏನಾಗುತ್ತೆ ಅಂತಲೂ ಹೇಳ್ತೀನಿ."

ಅಕ್ಕ ಅವರನ್ನು ನೋಡಲಿಲ್ಲ. ಹಿಡಿದಿದ್ದ ಗುಬ್ಬಿಯ ಕೈಯನ್ನು ಬಿಟ್ಟಳು.

"ನನ್ನನ್ನ ಯಾಕೆ ಕೇಳ್ತೀರಾ. ಅವಳನ್ನೇ ಕೇಳಿ. ಎಲ್ಲಿಗೆ ಕತ್ತರಿಸ್ಬೇಕು ಅನ್ನೋದನ್ನೂ ಅವಳೇ ಹೇಳ್ತಾಳೆ."

ಆಮೇಲೆ ಅಕ್ಕ, "ಆಯ್ತು, ತೆಗೀರಿ," ಎಂದಳು. ಬೆಡ್‌ಶೀಟು ಎಷ್ಟಿವೆ ಎಂದು ಕೇಳಿದ ಹೋಟೆಲಿನವನಿಗೆ ಹೇಳುವ ದನಿಯಲ್ಲೇ ಹೇಳಿದಳು.

ಭಾವ ಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಗುಬ್ಬಿ ಬೆಂಚಿನಲ್ಲಿ ಕೂತೇ ಎಲ್ಲ ಹೇಳಿದಳು. ಟವೆಲಿನದು, ಬೊಬ್ಬೆಯದು, ಕೊನೆಗೆ ತಾನು ಬಾಯಿಬಿಟ್ಟದ್ದು. ಭಾವ ಮಾತಿಗೊಂದು ತಮಾಷೆ ಮಾಡುವವರು. ಆಗ ವ್ಯಾನಿನ ಕೀಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕುತ್ತ ನಿಂತಿದ್ದರು.

"ನೀನು ಹೇಳ್ದೇ ಇದ್ದಿದ್ರೆ?"

"ಅಕ್ಕ ಉಳೀತಿರಲಿಲ್ಲ ಭಾವ."

"ಹೂಂ. ಉಳೀತಿರಲಿಲ್ವೋ ಏನೋ," ಎಂದರು ಭಾವ.

ಆ 'ಏನೋ' ಅವರು ಬೇಕೆಂದು ಸೇರಿಸಿದ್ದಲ್ಲ. ಆಮೇಲೆ ನಾಲ್ಕೈದು ಸಲ, "ನೀನು ಮಾಡಿದ್ದೇ ಸರಿ," ಎಂದೂ ಹೇಳಿದರು. ಗುಬ್ಬಿಯ ಮನಸ್ಸಿಗೆ ಕಚ್ಚಿಕೊಂಡದ್ದು ಆ ಮೊದಲನೆಯ ಮಾತು.

ಅಕ್ಕ ಉಳಿದಳು. ಎಚ್ಚರವಾದ ಮೇಲೆ ಗುಬ್ಬಿ ಬೇಡ, ಭಾವನೇ ಜೊತೆಗಿರಲಿ ಎಂದಳು. ಗುಬ್ಬಿ ಅಂಗಡಿಗೆ ಹೋದಳು. ಇಸ್ತ್ರಿ ಹಾಕಿದಳು, ಮಡಿಸಿದಳು, ಕಟ್ಟಿದಳು. ವ್ಯಾನು ಓಡಿಸಲು ಬಾಡಿಗೆಗೆ ಬಂದವನು ಉಳಿದವರೆಲ್ಲಿ ಎಂದು ಕೇಳಿದಾಗ ಆಸ್ಪತ್ರೆಯಲ್ಲಿ ಎಂದಷ್ಟೇ ಹೇಳಿದಳು. ಊಟವನ್ನು ಮಾತ್ರ ಅವಳೇ ಒಯ್ದು ವಾರ್ಡಿನ ಬಾಗಿಲಲ್ಲಿ ಭಾವನ ಕೈಗೆ ಕೊಟ್ಟು ಬರುತ್ತಿದ್ದಳು. ಡಬ್ಬಿ ಖಾಲಿಯಾಗಿ ವಾಪಸು ಬರುತ್ತಿತ್ತು. ತೊಳೆದಿರುತ್ತಿತ್ತು ಕೂಡ. ತೊಳೆದವರು ಯಾರೆಂದು ಅವಳು ಕೇಳಲಿಲ್ಲ.

ಮನೆಗೆ ಕರೆತಂದ ಮೇಲೂ ಅಕ್ಕ ಅವಳೊಂದಿಗೆ ಮಾತಾಡಲಿಲ್ಲ. ಬೇಕಾದ್ದನ್ನು ಭಾವನಿಗೆ ಹೇಳುತ್ತಿದ್ದಳು, ಭಾವ ಗುಬ್ಬಿಗೆ ಹೇಳುತ್ತಿದ್ದರು. ಮೂವರೂ ಒಂದೇ ಕೋಣೆಯಲ್ಲಿದ್ದಾಗಲೂ ಹಾಗೇ. ಕೀಮೋ ಮತ್ತೆ ಶುರುವಾಗುವುದಿತ್ತು, ಗಾಯ ಒಣಗಲಿ ಎಂದು ಕಾಯುತ್ತಿದ್ದರು. ಒಂದು ಮಧ್ಯಾಹ್ನ ಭಾವ ಗಂಟು ತರಲು ಹೋದಾಗ, ಗುಬ್ಬಿ ಹಾಸಿಗೆಯ ಬಟ್ಟೆ ಬದಲಿಸಲು ಒಳಗೆ ಬಂದಳು. ಅಕ್ಕ ಗೋಡೆಗೆ ಒರಗಿ ಕೂತಿದ್ದಳು.

"ಒಂದು ಕೇಳ್ತೀನಿ. ಅಳಬಾರ್ದು."

ಗುಬ್ಬಿ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು.

"ಅವತ್ತು ಯಾಕೆ ಹೇಳ್ದೆ? ನಿಜ ಅಂತ ಹೇಳಿದ್ಯಾ, ನಾನು ಬದುಕಲಿ ಅಂತ ಹೇಳಿದ್ಯಾ?"

ನೀನು ಬದುಕಲಿ ಅಂತ ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಆದರೆ ಅಕ್ಕ ಇಷ್ಟು ದಿನ ಕಾದು ಕೇಳಿದ್ದಕ್ಕೆ ಅಷ್ಟರಲ್ಲೇ ಮುಗಿಸುವುದು ಅವಳಿಂದಾಗಲಿಲ್ಲ.

"ನಂಗೆ ಹೆದರಿಕೆ ಆಯ್ತು," ಎಂದಳು. "ನೀನು ಸತ್ರೆ ನಾನು ಕಾರಣ. ಕಾಲು ಹೋದ್ರೂ ನಾನೇ ಕಾರಣ. ಯಾವುದನ್ನ ಹೊತ್ಕೊಂಡು ಬದುಕೋಕಾಗುತ್ತೆ ಅಂತ ನೋಡ್ದೆ. ಸಣ್ಣದನ್ನ ತಗೊಂಡೆ."

"ಸಣ್ಣದು," ಎಂದಳು ಅಕ್ಕ.

ಕೆಳಗಿನ ಬೀದಿಯಲ್ಲಿ ಯಾವುದೋ ಗಾಡಿ ಹಿಂದಕ್ಕೆ ಬರುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಅಕ್ಕ ಹೊದಿಕೆಯನ್ನು ತಾನೇ ಪಕ್ಕಕ್ಕೆ ತಳ್ಳಿದಳು. ಬಲತೊಡೆ ಮುಗಿದಲ್ಲಿ ಬಿಳಿ ಪಟ್ಟಿ ಸುತ್ತಿತ್ತು. ಗುಬ್ಬಿ ಅದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ನಿಂಗೆ ಸಣ್ಣದು," ಎಂದಳು ಅಕ್ಕ. "ಬಾ, ಎಬ್ಬಿಸು. ಬಾತ್‌ರೂಮಿಗೆ ಹೋಗ್ಬೇಕು. ನಿಮ್ಮ ಭಾವ ಬರೋವರೆಗೂ ತಡೆಯೋಕಾಗಲ್ಲ."

ಗುಬ್ಬಿ ಬಗ್ಗಿ ಅಕ್ಕನ ತೋಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ಎದ್ದಳು. ಭಾರವೆಲ್ಲ ಒಂದೇ ಕಡೆಗೆ ಬಂತು. ಇಬ್ಬರೂ ವಾಲಿ, ಗೋಡೆ ಹಿಡಿದು ನಿಂತರು.

"ಗಟ್ಟಿಯಾಗಿ ಹಿಡ್ಕೋ," ಎಂದಳು ಅಕ್ಕ. "ಬಿದ್ರೆ ಅದಕ್ಕೂ ನೀನೇ ಕಾರಣ."

ಗುಬ್ಬಿ ಹಿಡಿತ ಬಿಗಿ ಮಾಡಿ ಬಾತ್‌ರೂಮಿನ ಕಡೆಗೆ ಮೊದಲ ಹೆಜ್ಜೆ ಇಟ್ಟಳು.